ಹೂವೋ ಮಾತ್ರೆಯೋ

ನಮ್ಮ ಅತ್ತೆ ಸಣ್ಣಮ್ಮ ಹೂ ಮುಡಿಯುವುದಿಲ್ಲ. ಬೇರೆ ಯಾರಾದರೂ ಮುಡಿಯದಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ನಮ್ಮ ಮನೆ ಇರುವುದು ಮಾವಳ್ಳಿಯಲ್ಲಿ, ಮನೆಯ ಸುತ್ತ ಇರುವುದು ಮಲ್ಲಿಗೆ ಗಿಡ, ಮನೆ ನಡೆಯುವುದೂ ಮಲ್ಲಿಗೆಯಿಂದಲೇ. ಬೆಳಕು ಹರಿಯುವ ಹೊತ್ತಿಗೆ ಮೊಗ್ಗು ಕೊಯ್ದು ತರುವವರು ಅತ್ತೆ. ಭಟ್ಕಳದ ಮದುವೆ ಮನೆಗಳಿಗೆ ಮಾರುಗಟ್ಟಲೆ ದಂಡೆ ಕಟ್ಟಿ ಕಳಿಸುವವರೂ ಅವರೇ. ಮಾವ ತಿಮ್ಮಪ್ಪ ಗಟ್ಟಿಮುಟ್ಟಾಗಿದ್ದಾರೆ, ದಿನಾ ಗಿಡಕ್ಕೆ ನೀರು ಬಿಡುತ್ತಾರೆ. ಇಷ್ಟೆಲ್ಲ ಇದ್ದೂ ಮುತ್ತೈದೆ ಹೆಂಗಸಿನ ತುರುಬು ಮಾತ್ರ ಖಾಲಿ.

ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಗಂಡ ಮಂಜುವನ್ನು ಕೇಳಿದೆ. "ಎಂತದೋ ಹರಕೆ ಇರ್ಬೇಕು" ಎಂದ. ಎಂಥ ಹರಕೆ, ಯಾವ ದೇವರಿಗೆ, ಯಾವಾಗ ತೀರುತ್ತದೆ? ಅವನಿಗೆ ಗೊತ್ತಿಲ್ಲ. ಹುಟ್ಟಿದಾಗಿನಿಂದ ಅದೇ ಮನೆಯಲ್ಲಿದ್ದು ಒಮ್ಮೆಯೂ ಕೇಳಿಲ್ಲ. ಗಂಡಸರ ಈ ನೆಮ್ಮದಿ ಕಂಡರೆ ನನಗೆ ಮೈ ಉರಿಯುತ್ತದೆ. ನಾನು ಹಾಗಲ್ಲ. ಒಂದು ಸಂಗತಿಗೆ ಕಾರಣ ಸಿಗದಿದ್ದರೆ ನನಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಹಳದೀಪುರದ ತವರಿನಲ್ಲಿ ಅಪ್ಪ ನನ್ನನ್ನು ಕಲ್ಪನಾ ಎನ್ನದೆ "ನಮ್ಮನೆ ಪೊಲೀಸು" ಎಂದೇ ಕರೆಯುತ್ತಿದ್ದರು. ಕುಮಟೆಯ ಕಾಲೇಜಿನಲ್ಲಿ ವಿಜ್ಞಾನ ಓದುವಾಗ ಪ್ರಯೋಗದ ಕೋಣೆಯಿಂದ ಕೊನೆಗೆ ಹೊರಬೀಳುತ್ತಿದ್ದವಳೂ ನಾನೇ. ಓದು ಪಿಯುಸಿಗೆ ನಿಂತಿತು, ಚಾಳಿ ನಿಲ್ಲಲಿಲ್ಲ.

ಅತ್ತೆಯನ್ನೇ ನೇರ ಕೇಳಿದ್ದೂ ಆಯಿತು. "ಹೂ ಮಾರೂದಕ್ಕೆ ಇರೂದು, ಮುಡಿಯೂದಕ್ಕಲ್ಲ" ಎಂದು ಬಾಯಿ ಮುಚ್ಚಿಸಿದರು. ಆದರೆ ನನ್ನ ತಲೆಗೆ ದಿನಾ ಒಂದು ತುಂಡು ದಂಡೆ ತಾವೇ ಕತ್ತರಿಸಿ ಕೊಡುತ್ತಿದ್ದರು. ಅಂದರೆ ಆ ಮಾತು ಸುಳ್ಳು. ಸುಳ್ಳು ಎಂದು ಗೊತ್ತಾದ ಮೇಲೆ ಕುತೂಹಲ ಇನ್ನಷ್ಟು ಹೆಚ್ಚಾಯಿತು.

ಮಗಳು ವಂದನಾ ಹುಟ್ಟಿದ ಮೇಲೆ ಈ ವಿಷಯ ಹಿಂದೆ ಸರಿಯಿತು. ಅದಕ್ಕಿಂತ ದೊಡ್ಡದೊಂದು ಎದುರಿಗೆ ಬಂದು ನಿಂತಿತ್ತು.

ತವರಿನಲ್ಲಿ ಬಾಣಂತನ ಮಾಡಿಸಿಕೊಳ್ಳುವಾಗ ನನಗೆ ಹಾಲಿನ ಕೊರತೆ ಇರಲಿಲ್ಲ. ರವಿಕೆ ಒದ್ದೆಯಾಗಿ ನೆಂಟರ ಎದುರು ನಾಚುವಷ್ಟಿತ್ತು. ಮಾವಳ್ಳಿಗೆ ಬಂದು ಕೆಲವು ವಾರ ಕಳೆಯುವುದರೊಳಗೆ ಅದು ಇಳಿಯತೊಡಗಿತು. ವಂದನಾ ಎದೆಗೆ ಬಾಯಿ ಹಾಕುತ್ತಾಳೆ, ಎಳೆಯುತ್ತಾಳೆ, ಬಿಟ್ಟು ನನ್ನ ಮುಖ ನೋಡುತ್ತಾಳೆ. ಮತ್ತೊಮ್ಮೆ ಎಳೆದು, ಏನೂ ಸಿಗದೆ ಸಿಟ್ಟಿನಿಂದ ಕೆಂಪಾಗಿ ಅಳುತ್ತಾಳೆ. ಅಂಗನವಾಡಿಯಲ್ಲಿ ತೂಗಿದಾಗ ತೂಕ ಹಿಂದಿನ ಸಲದಷ್ಟೇ ಇತ್ತು. "ಮುಂದಿನ ಸಲವೂ ಹೀಗೇ ಇದ್ರೆ ಡಾಕ್ಟ್ರಿಗೆ ತೋರಿಸಿ ಡಬ್ಬಿ ಹಾಲು ಶುರು ಮಾಡ್ಬೇಕಾಗ್ತದೆ" ಎಂದರು ನರ್ಸಮ್ಮ. ಡಬ್ಬಿ ಹಾಲು ಕುಡಿದ ಮಕ್ಕಳೂ ಬೆಳೆಯುತ್ತಾರೆ, ಅದು ನನಗೂ ಗೊತ್ತು. ಆದರೆ ಇದ್ದ ಹಾಲು ಎಲ್ಲಿಗೆ ಹೋಯಿತು? ಮಗುವಿನ ಕಾಲು ಸಣ್ಣಗೆ ಕಾಣುತ್ತಿತ್ತು. ನನಗೆ ಹೆದರಿಕೆಯಾಗಿತ್ತು, ಜೊತೆಗೆ ವಿಪರೀತ ಸಿಟ್ಟೂ ಬಂದಿತ್ತು. ಯಾರ ಮೇಲೆ ಎಂದು ಗೊತ್ತಿರಲಿಲ್ಲ ಅಷ್ಟೆ.

ಕಾರಣ ಹೇಳುವವರಿಗೇನೂ ಬರಗಾಲವಿರಲಿಲ್ಲ. ಮೀನು ಮಾರುವ ನಾಗಿ ಬುಟ್ಟಿ ಇಳಿಸಿದ ಮನೆಯಲ್ಲೆಲ್ಲ ಒಂದು ತೀರ್ಪು ಕೊಟ್ಟೇ ಏಳುವವಳು. "ದೃಷ್ಟಿ ಆಯ್ದೆ ಮಾರಾಯ್ತಿ. ರವಿಕೆ ಒದ್ದೆ ಮಾಡ್ಕಂಡು ಊರೆಲ್ಲಾ ತಿರುಗಿದ್ರೆ ಮತ್ತೆಂತ ಆಗ್ತದೆ?" ಎಂದು ಉಪ್ಪು ಮೆಣಸು ನಿವಾಳಿಸಿದಳು. ಅದರ ಹಿಂದೆಯೇ ಬಾಳಂತಿಗೆ ಒಳ್ಳೆಯದೆಂದು ಎತ್ತಿಟ್ಟು ತಂದ ಮರಿ ಶಾರ್ಕ್ ಮೀನನ್ನೂ ಕೊಟ್ಟಳು. ಮಂಜು ಪ್ರಕಾರ ನಾನು ಊಟ ಕಡಿಮೆ ಮಾಡಿದ್ದೇ ತಪ್ಪು. ಮೆಂತೆ ಗಂಜಿ, ಬೆಳ್ಳುಳ್ಳಿ, ನುಗ್ಗೆ ಸೊಪ್ಪು, ಎಲ್ಲ ನನ್ನ ಹೊಟ್ಟೆಗೆ ಹೋದವು. ನಾನು ದಪ್ಪಗಾದೆ, ಮಗಳು ಆಗಲಿಲ್ಲ.

ವಿಚಿತ್ರವೆಂದರೆ ಅತ್ತೆ ಒಂದು ಮಾತೂ ಆಡಲಿಲ್ಲ. ಪಲ್ಯಕ್ಕೆ ಉಪ್ಪು ಹೆಚ್ಚಾದರೂ ಎರಡು ಹೊತ್ತು ಅದನ್ನೇ ಹೇಳುವ ಹೆಂಗಸು, ಮಗು ಅಳುವಾಗ ಎದ್ದು ತೋಟಕ್ಕೆ ಹೋಗಿಬಿಡುತ್ತಿದ್ದರು. ಮೊಮ್ಮಗಳ ಮೇಲೆ ಪ್ರೀತಿಯಿಲ್ಲ ಎಂದುಕೊಂಡೆ. ಇನ್ನೊಂದನ್ನೂ ಗಮನಿಸಿದ್ದೆ. ಹೂ ಮುಟ್ಟಿದ ಕೈಯನ್ನು ಮೊಣಕೈವರೆಗೆ ತೊಳೆಯದೆ ಅವರು ಮಗುವನ್ನು ಎತ್ತಿಕೊಳ್ಳುತ್ತಿರಲಿಲ್ಲ. ಮಣ್ಣು ಮುಟ್ಟಿದ ಕೈಯನ್ನು ಹಾಗೇ ಸೆರಗಿಗೆ ಒರೆಸಿ ಎತ್ತಿಕೊಂಡದ್ದನ್ನು ನಾನೇ ನೋಡಿದ್ದೇನೆ.

ನಾನು ತವರಿನಿಂದ ಬರುವ ಹೊತ್ತಿಗೇ ಬೇಸಿಗೆ ಏರಿ, ಭಟ್ಕಳದಲ್ಲಿ ಮದುವೆಗಳ ಸಾಲು ಶುರುವಾಗಿತ್ತು. ಒಬ್ಬರ ಕೈಗೆ ಮುಗಿಯುವ ಕೆಲಸವಲ್ಲ. ನಾನೂ ಜಗಲಿಯಲ್ಲಿ ತೊಟ್ಟಿಲನ್ನು ಪಕ್ಕಕ್ಕೆ ಎಳೆದುಕೊಂಡು, ಮಡಿಲ ತುಂಬ ಮೊಗ್ಗು ಹಾಕಿಕೊಂಡು, ಬಾಳೆನಾರಿನಲ್ಲಿ ಕಟ್ಟುತ್ತ ಕೂರುತ್ತಿದ್ದೆ. ತೆಂಗಿನ ತೋಟದಲ್ಲಿ ಹುಟ್ಟಿ ಬೆಳೆದವಳು ನಾನು. ಇಷ್ಟೊಂದು ಮಲ್ಲಿಗೆ ನನ್ನ ಮೂಗಿಗೆ ಒಗ್ಗಿರಲಿಲ್ಲ. ಕಟ್ಟಲು ಕೂತರೆ ಸೀನು, ಮೂಗು ಸುರಿತ, ಕಣ್ಣು ತುರಿಕೆ. "ಹೂವಿನ ಮನೆಗೆ ಬಂದ ಸೊಸೆಗೆ ಹೂವೇ ಆಗೂದಿಲ್ಲ" ಎಂದು ಮಂಜು ನಗುತ್ತಿದ್ದ. ನಕ್ಕರೂ ಭಟ್ಕಳದ ಮೆಡಿಕಲ್ಲಿನಿಂದ ಶೀತದ ಮಾತ್ರೆ ತಂದುಕೊಟ್ಟಿದ್ದ. ಊಟವಾದ ಮೇಲೆ ಒಂದು ನುಂಗಿದರೆ ಮೂಗು ಒಣಗಿ ನಾನು ಮನುಷ್ಯಳಾಗುತ್ತಿದ್ದೆ.

ಒಂದು ದಿನ ಮಧ್ಯಾಹ್ನ ಮಡಿಲಲ್ಲಿ ಮೊಗ್ಗು ಇರುವಾಗಲೇ ವಂದನಾ ಎದ್ದಳು. ಹೂವನ್ನು ಒಂದು ಬದಿಗೆ ಸರಿಸಿ ಹಾಗೇ ಎದೆಗೆ ಹಾಕಿಕೊಂಡೆ. ಅವಳು ಎಳೆದು ಎಳೆದು ಅಳತೊಡಗಿದಳು. ರವಿಕೆಯ ಅಂಚಿಗೆ ಎರಡು ಮೊಗ್ಗು ಅಂಟಿಕೊಂಡಿದ್ದವು. ತೋಟದಿಂದ ಬಂದ ಅತ್ತೆ ಮೆಟ್ಟಿಲಲ್ಲೇ ನಿಂತರು. ಆಮೇಲೆ ನುಗ್ಗಿ ಬಂದವರೇ ಆ ಮೊಗ್ಗುಗಳನ್ನು ಕಿತ್ತು ಅಂಗಳಕ್ಕೆ ಎಸೆದರು, ಬುಟ್ಟಿ ಎತ್ತಿಕೊಂಡರು.

"ಇನ್ನು ನೀನು ಹೂ ಮುಟ್ಟೂದು ಬ್ಯಾಡ" ಎಂದರು.

"ಎಂತ ಆತು ಅತ್ತೆ?"

"ಹೂ ಹಾಲು ಬತ್ತಿಸ್ತದೆ. ಇಷ್ಟು ದಿವಸ ಬಾಯಿ ಮುಚ್ಕಂಡು ಕೂತದ್ದು ನಂದೇ ತಪ್ಪು."

ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಅವರು ನನ್ನನ್ನೊಮ್ಮೆ ದುರುಗುಟ್ಟಿ ನೋಡಿ ಬುಟ್ಟಿಯ ಜೊತೆ ಒಳಗೆ ನಡೆದರು. ಅಂದಿನಿಂದ ಹೂವಿನ ಕೆಲಸವೆಲ್ಲ ಹಿಂದಿನ ಕೊಟ್ಟಿಗೆಗೆ ಹೋಯಿತು. ನನ್ನ ತಲೆಯ ತುಂಡು ದಂಡೆಯೂ ನಿಂತಿತು.

ಆಶ್ಚರ್ಯ ಎಂದರೆ ವಾರ ಕಳೆಯುವುದರೊಳಗೆ ಹಾಲು ಹೆಚ್ಚಾಯಿತು. ನಂಬಲಿಕ್ಕೆ ಆಗದೆ ದಿನಾ ಒತ್ತಿ ನೋಡಿಕೊಂಡೆ. ವಂದನಾ ಕುಡಿಯುವಾಗ ಗುಟುಕು ಕೇಳಿಸುತ್ತಿತ್ತು. ಹೊಟ್ಟೆ ತುಂಬಿ, ತುಟಿಯಂಚಿನಲ್ಲಿ ಹಾಲು ಇಳಿದು, ಅವಳು ನಿದ್ದೆ ಹೋದ ದಿನ ನಾನು ಸಂತೋಷಕ್ಕೆ ಅತ್ತುಬಿಟ್ಟೆ. ಈಗ ಹೇಳಲಿಕ್ಕೆ ನಾಚಿಕೆಯೇನಿಲ್ಲ.

ನಾಗಿಗೆ ಇಷ್ಟು ಸಾಕಿತ್ತು. ದೃಷ್ಟಿಯ ತೀರ್ಪನ್ನು ಹಿಂದಕ್ಕೆ ತೆಗೆದುಕೊಂಡು, ಮೀನಿನ ಜೊತೆ ಹೊಸ ಸುದ್ದಿಯನ್ನೂ ಮನೆಮನೆಗೆ ಹಂಚಿದಳು. ಪಕ್ಕದ ಕೇರಿಯ ಸುಷ್ಮಾ ಎಂಬ ಬಾಳಂತಿ ಹೆದರಿ ಹೂ ಕಟ್ಟುವುದನ್ನೇ ಬಿಟ್ಟಳಂತೆ. ಅದನ್ನು ಕೇಳಿದಾಗ ನನ್ನೊಳಗಿನ ಪೊಲೀಸು ಎದ್ದು ಕೂತ. ಸುಷ್ಮಾಳಿಗೆ ಹಾಲು ಕಡಿಮೆಯೇ ಆಗಿರಲಿಲ್ಲ! ದಿನಾ ನನ್ನ ಎರಡರಷ್ಟು ಹೂ ಕಟ್ಟುತ್ತಿದ್ದಳು, ಅವಳ ಮಗ ಕುಂಬಳಕಾಯಿಯ ಹಾಗಿದ್ದ. ಅಷ್ಟೇಕೆ, ಈ ಊರಿನಲ್ಲಿ ಹೂ ಕಟ್ಟದ ಬಾಳಂತಿ ಯಾರಿದ್ದಾರೆ? ಹೂವಿಗೆ ಹಾಲು ಬತ್ತುವುದಾದರೆ ಮಾವಳ್ಳಿಯ ಮಕ್ಕಳೆಲ್ಲ ಒಣಗಿರಬೇಕಿತ್ತು.

ಹಾಗಾದರೆ ನನಗೊಬ್ಬಳಿಗೆ ಆದದ್ದೇನು? ಹೂ ಬಿಟ್ಟ ಮೇಲೆ ನನ್ನಲ್ಲಿ ಇನ್ನೇನು ಬದಲಾಗಿತ್ತು? ಮೆಂತೆ ಗಂಜಿ ಮೊದಲೂ ಇತ್ತು, ಈಗಲೂ ಇದೆ. ಕೆಲಸ, ನಿದ್ದೆ ಎಲ್ಲ ಅಷ್ಟೇ. ತಲೆ ಬಾಚಿಕೊಳ್ಳಲು ಕನ್ನಡಿಯ ಮುಂದೆ ನಿಂತಾಗ ಉತ್ತರ ಎದುರಿಗೇ ಇತ್ತು. ಕನ್ನಡಿಯ ಹಿಂದೆ ಸಿಕ್ಕಿಸಿಟ್ಟ ಶೀತದ ಮಾತ್ರೆಯ ಪಟ್ಟಿ ಅರ್ಧಕ್ಕೇ ನಿಂತು ಧೂಳು ಹಿಡಿದಿತ್ತು. ಹೂ ಇಲ್ಲ, ಅದಕ್ಕೆ ಸೀನಿಲ್ಲ. ಸೀನಿಲ್ಲ, ಅದಕ್ಕೆ ಮಾತ್ರೆಯೂ ಇಲ್ಲ. ಎರಡೂ ಒಂದೇ ದಿನ ನಿಂತಿದ್ದವು. ನಾವೆಲ್ಲ ನೋಡಿದ್ದು ಒಂದನ್ನೇ.

ವಂದನಾಳ ಚುಚ್ಚುಮದ್ದಿಗೆ ಭಟ್ಕಳಕ್ಕೆ ಹೋಗುವಾಗ ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡೆ. ಮಗುವನ್ನು ಹಿಡಿದುಕೊಳ್ಳಲು ಅತ್ತೆಯೂ ಬಂದರು. ಮಕ್ಕಳ ಡಾಕ್ಟರು ಜಯಶ್ರೀ ಮೇಡಂ ಪಟ್ಟಿಯ ಹಿಂದಿನ ಸಣ್ಣ ಅಕ್ಷರಗಳನ್ನು ಓದಿ ಹುಬ್ಬು ಗಂಟಿಕ್ಕಿದರು.

"ಇದು ಕೊಟ್ಟವರಿಗೆ ಮಗು ಹಾಲು ಕುಡಿತದೆ ಅಂತ ಹೇಳಿದ್ರಾ?"

"ಹೇಳಿಲ್ಲ ಮೇಡಂ. ಇವಳಪ್ಪ ಹೋಗಿ ಶೀತಕ್ಕೆ ಅಂತ ಕೇಳಿ ತಂದದ್ದು."

"ಇದರಲ್ಲಿ ಮೂಗು ಒಣಗಿಸೂ ಔಷಧಿ ಉಂಟು. ಕೆಲವರಿಗೆ ಇದು ಹಾಲನ್ನೂ ಕಡಿಮೆ ಮಾಡ್ತದೆ. ಎಲ್ಲರಿಗೂ ಆಗ್ತದೆ ಅಂತಲ್ಲ, ನಿಮಗೆ ಆಗಿರೂ ಸಾಧ್ಯತೆ ಜಾಸ್ತಿ. ಹಾಗಂತ ಇನ್ನು ಯಾವ ಮಾತ್ರೆಯನ್ನೂ ತಗೊಳ್ಳೂದಿಲ್ಲ ಅಂತ ಕೂತ್ಕೊಳ್ಬೇಡಿ. ಹಾಲು ಕೊಡೂವಾಗ ತಗೊಳ್ಳಬಹುದಾದ ಔಷಧಿ ಬೇಕಾದಷ್ಟುಂಟು. ಕೇಳಿ ತಗೊಳ್ಳಿ, ಕೇಳದೆ ಬಿಡೂದೂ ಬೇಡ."

ನಾನು ಗೆದ್ದವಳ ಹಾಗೆ ಅತ್ತೆಯ ಕಡೆ ತಿರುಗಿದೆ. "ಮತ್ತೆ ಹೂವು, ಮೇಡಂ? ಹೂ ಕಟ್ಟಿದ್ರೆ ಹಾಲು ಬತ್ತೂದಿಲ್ಲಲಾ?"

"ಕೈಯಲ್ಲಿ ಕಟ್ಟಿದ್ದಕ್ಕೆ ಬತ್ತಿದ್ದು ನಾನು ಕೇಳಿಲ್ಲ."

"ಎದೆಗೆ ಕಟ್ಟಿದ್ರೆ?"

ಕೇಳಿದವರು ಅತ್ತೆ. ಡಾಕ್ಟರು ಪಟ್ಟಿಯನ್ನು ಕೆಳಗಿಟ್ಟು ಅವರ ಕಡೆ ತಿರುಗಿದರು. "ಅದು ಹಳೇ ಕ್ರಮ ಅಮ್ಮ. ಹಾಲು ನಿಲ್ಲಿಸೂಕೆ ಮಲ್ಲಿಗೆ ಕಟ್ತಿದ್ರು. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ, ಕಡಿಮೆ ಆಗ್ತದೆ ಅಂತಾರೆ. ಆದ್ರೆ ಕುಡಿಯೂ ಮಗು ಇಲ್ಲದಿದ್ರೆ ಏನೂ ಕಟ್ಟದೆಯೂ ಹಾಲು ನಿಲ್ತದೆ."

"ಏನೂ ಕಟ್ಟದಿದ್ರೂ?"

"ಹೌದಮ್ಮ. ಕುಡಿದಷ್ಟೂ ಬರ್ತದೆ, ಕುಡಿಯದಿದ್ರೆ ನಿಲ್ತದೆ."

ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಮಗುವನ್ನು ಅವುಚಿಕೊಂಡು ಕೂತರು. ಶಿರಾಲಿ ದಾಟಿದರೂ ನನ್ನ ಕಡೆ ತಿರುಗಲಿಲ್ಲ. ಸೋತದ್ದಕ್ಕೆ ಬೇಜಾರು ಎಂದು ನಾನು ಒಳಗೊಳಗೇ ಖುಷಿಪಟ್ಟೆ. ಬುದ್ಧಿ ನೋಡಿ ನನ್ನದು.

ಮಾರನೆಯ ದಿನ ಬೆಳಿಗ್ಗೆ ನಾನೇ ಕೊಟ್ಟಿಗೆಗೆ ಹೋಗಿ ಅವರ ಎದುರು ಕುಳಿತೆ. "ಅತ್ತೆ, ನಾನು ಮೂಗಿಗೆ ಬಟ್ಟೆ ಕಟ್ಕಂಡು ಹೂ ಕಟ್ತೆ. ಮಾತ್ರೆ ಮುಟ್ಟೂದಿಲ್ಲ. ಹಾಲು ಇದ್ದಂಗೇ ಇದ್ರೆ ಹೂವಿನ ತಪ್ಪಿಲ್ಲ ಅಂತ ಗೊತ್ತಾಗ್ತದೆ. ಸುಷ್ಮಾನೂ ಹೆದರೂದು ಬಿಡ್ತಾಳೆ."

"ಬ್ಯಾಡ."

"ಕಡಿಮೆ ಆದಂಗೆ ಕಂಡ್ರೆ ಅದೇ ದಿವಸ ಬಿಡ್ತೆ."

"ಬ್ಯಾಡ ಅಂದೆ ನಾನು. ಹುಡುಗಿ ಮೇಲೆ ನಿನ್ನ ಪರೀಕ್ಷೆ ಎಂತದು?"

ನನಗೂ ರೇಗಿತು. "ಡಾಕ್ಟ್ರೇ ಹೇಳಿದ್ದು ನೀವೂ ಕೇಳಿದ್ರಲಾ? ಯಾರೋ ಹೇಳಿದ್ದು ಹಿಡ್ಕಂಡು ಕೂತ್ರೆ ಹೆಂಗೆ? ಹೂವಿಗೆ ಹಾಲು ಬತ್ತಿದ್ದು ನೀವು ಕಣ್ಣಾರೆ ನೋಡಿದ್ದೀರ?"

"ನೋಡಿದ್ದೆ" ಎಂದರು ಅತ್ತೆ. "ನಂದೇ ಬತ್ತಿದ್ದು."

ಕೈಯಲ್ಲಿದ್ದ ದಂಡೆಯನ್ನು ಅವರು ಕೆಳಗಿಡಲಿಲ್ಲ. ಒಂದೊಂದೇ ಮೊಗ್ಗು ಎತ್ತಿ ನಾರಿಗೆ ಸೇರಿಸುತ್ತಲೇ ಹೇಳಿದರು. ಮಂಜುವಿಗಿಂತ ಮೊದಲು ಒಂದು ಹೆಣ್ಣು ಮಗುವಿತ್ತು. ಕವುಚಿ ಬೀಳಲು ಕಲಿತಿತ್ತು. ಜ್ವರ ಬಂತು, ಹೊನ್ನಾವರದ ಆಸ್ಪತ್ರೆ ಮುಟ್ಟುವ ಮೊದಲೇ ಹೋಯಿತು. ಮಗು ಹೋದದ್ದು ಮೈಗೆ ಗೊತ್ತಾಗಲಿಲ್ಲ. ಹಾಲು ತುಂಬಿ ತುಂಬಿ ಎದೆ ಕಲ್ಲಾಯಿತು. ಯಾರ ಮನೆಯ ಮಗು ಅತ್ತರೂ ಅವರ ಸೀರೆ ಒದ್ದೆಯಾಗುತ್ತಿತ್ತು. ಕೇರಿಯ ಹೆಂಗಸರು ಇದೇ ತೋಟದ ಮಲ್ಲಿಗೆ ತಂದು, ಎದೆಯ ಮೇಲೆ ಹರಡಿ, ಹಳೆಯ ಸೀರೆಯಿಂದ ಬಿಗಿದು ಕಟ್ಟಿದರು. ಬಾಡಿದ ಹಾಗೆ ಬದಲಿಸಿದರು.

"ಕೆಲವೇ ದಿವಸ. ಒಂದು ಹನಿನೂ ಉಳಿಲಿಲ್ಲ" ಎಂದರು. "ನೋವು ತಡೆಯೂಕಾಗದೆ ನಾನೇ ಹೂಂ ಅಂದದ್ದು ಕಲ್ಪನಾ. ಅವಳ ಪಾಲಿಂದು ಅಂತ ನನ್ನ ಹತ್ರ ಇದ್ದದ್ದು ಅದೊಂದೇ. ಅದನ್ನೂ ನಾನೇ ಕೈಯಾರೆ ಕಳ್ಸಿದೆ ಅಂತ ಆತು. ಆಮೇಲೆ ಹೂ ಮುಡಿಯೂಕೆ ಮನಸ್ಸು ಬರ್ಲಿಲ್ಲ."

ಇಷ್ಟು ಕಾಲ ಬೇಕು ಬೇಕು ಎಂದು ಹುಡುಕಿದ ಕಾರಣ ಸಿಕ್ಕಿತ್ತು. ಸಿಗದಿದ್ದರೆ ಚೆನ್ನಾಗಿತ್ತು ಎನಿಸಿತು. ಮೊಣಕೈವರೆಗೆ ಕೈ ತೊಳೆಯುತ್ತಿದ್ದ ಹೆಂಗಸನ್ನು ಪ್ರೀತಿಯಿಲ್ಲದವಳು ಎಂದುಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು.

ಅತ್ತೆ ನಾರನ್ನು ಗಂಟು ಹಾಕಿ ನಿಲ್ಲಿಸಿದರು. "ನಿನ್ನೆ ಡಾಕ್ಟ್ರಮ್ಮ ಹೇಳಿದ್ರಲಾ, ಎಂತ ಕಟ್ಟದಿದ್ರೂ ನಿಲ್ತಿತ್ತು ಅಂತ. ನೀನು ಓದಿದವಳು, ಎಲ್ಲದಕ್ಕೂ ಕಾರಣ ಹುಡುಕ್ತೆ. ನನ್ನ ಹಾಲು ಹೂವಿಂದ ಹೋತಾ? ಅವಳು ಇಲ್ಲದ್ದಕ್ಕೆ ಹೋತಾ? ಹೇಳು ನೋಡೂಣ."

ಸುಳ್ಳು ಹೇಳಬಹುದಿತ್ತು. ಅವರ ಮುಖ ನೋಡಿ ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಅವರು ನಿಜವಾಗಿ ಕೇಳುತ್ತಿದ್ದರು. ನಾನು ಕೇಳುವ ಹಾಗೆ ಕೇಳುತ್ತಿದ್ದರು.

"ಪೂರ್ತಿ ಹೇಳೂಕೆ ಬರೂದಿಲ್ಲ ಅತ್ತೆ. ಎರಡೂ ಒಟ್ಟಿಗೇ ಆದದ್ದು, ನನಗೆ ಹೂವೂ ಮಾತ್ರೆಯೂ ಒಟ್ಟಿಗೇ ನಿಂತ ಹಂಗೆ. ಹೂವಿಂದ ನಾಲ್ಕು ದಿವಸ ಬೇಗ ಹೋಗಿರಬಹುದು. ಆದ್ರೆ ನೀವು ಹೂಂ ಅನ್ನದಿದ್ರೂ ಅದು ಉಳೀತಿರಲಿಲ್ಲ. ಇದು ಮಾತ್ರ ಖರೆ."

"ಖರೆಯ?"

"ಖರೆ ಅತ್ತೆ. ನೀವು ಕಳ್ಸಿದ್ದಲ್ಲ."

ಅವರು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ಎಷ್ಟೋ ವರ್ಷದ ಅಳು, ತಡೆಯಲು ನಾನು ಹೋಗಲಿಲ್ಲ. ಪಕ್ಕದಲ್ಲಿ ಕೂತು ನಾನೂ ಅತ್ತುಬಿಟ್ಟೆ. ಮಾವ ನೀರಿನ ಕೊಳವೆ ಹಿಡಿದುಕೊಂಡು ಬಾಗಿಲವರೆಗೆ ಬಂದವರು, ನಮ್ಮಿಬ್ಬರನ್ನು ನೋಡಿ ಹಾಗೇ ತೋಟಕ್ಕೆ ತಿರುಗಿದರು. ನಾವು ಯಾರಿಗಾಗಿ ಅಳುತ್ತಿದ್ದೇವೆ ಎಂದು ಅವರಿಗೆ ಗೊತ್ತಾಗಿತ್ತು ಅಂತ ಕಾಣುತ್ತದೆ.

ಮರುದಿನ ಮಧ್ಯಾಹ್ನ ಅತ್ತೆ ಬುಟ್ಟಿಯನ್ನು ತಾವೇ ಜಗಲಿಗೆ ತಂದಿಟ್ಟರು. ಹಳೆಯ ಪಂಚೆಯ ತುಂಡೊಂದನ್ನು ಮಡಿಚಿ ನನ್ನ ಮೂಗಿಗೆ ಬಿಗಿಯಾಗಿ ಕಟ್ಟಿದರು. "ಕಟ್ಟು. ನೋಡೂಣ ಎಂತ ಆಗ್ತದೆ" ಎಂದರು.

ಆಮೇಲೆ ಶುರುವಾಯಿತು ನನ್ನ ಪಾಡು. ನನಗಿಂತ ದೊಡ್ಡ ಪೊಲೀಸು ಮನೆಯಲ್ಲೇ ಇದ್ದದ್ದು ನನಗೆ ಗೊತ್ತಿರಲಿಲ್ಲ. ವಂದನಾ ಎದೆಗೆ ಬಾಯಿ ಹಾಕಿದರೆ ಸಾಕು, ಅತ್ತೆ ಎಲ್ಲಿದ್ದರೂ ಓಡಿ ಬಂದು ಎದುರು ಕೂರುತ್ತಿದ್ದರು. "ಬಂತನೇ? ಎಷ್ಟು ಬಂತು? ಅವಳು ನುಂಗ್ತಿದ್ಲಾ, ಸುಮ್ನೆ ಚೀಪ್ತಿದ್ಲಾ?" ಎಂದು ಕತ್ತು ಚಾಚಿ ನೋಡುತ್ತಿದ್ದರು. ಸೀನು ಬಂದರೆ ಬಟ್ಟೆಯನ್ನು ಇನ್ನಷ್ಟು ಬಿಗಿಯುತ್ತಿದ್ದರು. ಮೀನಿನ ಬುಟ್ಟಿ ಇಳಿಸಿದ ನಾಗಿ ನನ್ನನ್ನು ನೋಡಿ, "ಎಂತದೆ ಇದು, ದರೋಡೆಗೆ ಹೊಂಟಿದ್ಯ?" ಎಂದು ಕಣ್ಣರಳಿಸಿದಳು. ಅವಳಿಗೆ ಮಾತ್ರೆಯ ವಿಷಯವನ್ನು ಸಾವಕಾಶವಾಗಿ ಬಿಡಿಸಿ ಹೇಳಿದವರು ಅತ್ತೆಯೇ. ಸಂಜೆಯೊಳಗೆ ಅದು ಸುಷ್ಮಾಳ ಮನೆ ಮುಟ್ಟಿತ್ತು.

ಹಾಲು ಕಡಿಮೆಯಾಗಲಿಲ್ಲ. ಅಂಗನವಾಡಿಯಲ್ಲಿ ಮತ್ತೆ ತೂಗಿದಾಗ ನರ್ಸಮ್ಮ ತಕ್ಕಡಿಯನ್ನೊಮ್ಮೆ, ಮಗುವನ್ನೊಮ್ಮೆ ನೋಡಿ, "ಡಬ್ಬಿ ಬೇಡ ಬಿಡಿ" ಎಂದು ನಕ್ಕರು. ಮನೆಗೆ ಬಂದು ಜಗಲಿಯಲ್ಲಿ ಕೂತು ಎದೆಗೆ ಹಾಕಿಕೊಂಡೆ. ಮಡಿಲಲ್ಲಿ ಮೊಗ್ಗು ಹಾಗೇ ಇತ್ತು, ಈ ಸಲ ಯಾರೂ ಕಿತ್ತು ಎಸೆಯಲಿಲ್ಲ. ವಂದನಾ ಕುಡಿಯುತ್ತ ಕುಡಿಯುತ್ತ ಕಣ್ಣು ಮುಚ್ಚಿದಳು. ಬಾಯಿ ಮಾತ್ರ ನಿದ್ದೆಯಲ್ಲೂ ಚೀಪುತ್ತಿತ್ತು.

ಅತ್ತೆ ಬಗ್ಗಿ ನೋಡಿದರು. "ಮಾದೇವಿನೂ ಹಿಂಗೇ" ಎಂದರು. "ಕುಡಿತಾ ಕುಡಿತಾ ನಿದ್ದೆ ಹೋಗೂಳು."

ಮಾದೇವಿ. ಆ ಹೆಸರನ್ನು ನಾನು ಈ ಮನೆಯಲ್ಲಿ ಅದೇ ಮೊದಲು ಕೇಳಿದ್ದು. ಹಾಲು ಯಾಕೆ ಹೋಯಿತು, ಹೂ ಯಾಕೆ ಮುಡಿಯುವುದಿಲ್ಲ ಎಂದು ಎಲ್ಲವನ್ನೂ ಕೆದಕಿ ಕೇಳಿದ್ದೆ. ಮಗುವಿನ ಹೆಸರೇನು ಎಂದು ಕೇಳಿರಲಿಲ್ಲ.

"ಮಾದೇವಿ ನೋಡೂಕೆ ಹೆಂಗಿದ್ಲು ಅತ್ತೆ?" ಎಂದೆ.

ಅತ್ತೆ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡರು, ನಾರನ್ನು ಬೆರಳಿಗೆ ಸುತ್ತಿಕೊಂಡರು, ಆಮೇಲೆ ಹೇಳಲು ಶುರು ಮಾಡಿದರು. ಅಂದು ಕಟ್ಟಬೇಕಾದ ಹೂವೆಲ್ಲ ಕಟ್ಟಿ ಮುಗಿದರೂ ಅವರ ಮಾತು ಮುಗಿದಿರಲಿಲ್ಲ.